ಪಾಸ್ ಕೊಂಡ ಹುಡುಗ ಕ್ಲಾಸಿಗೆ ಬರದಿದ್ದರೆ ಆ ದುಡ್ಡು ಯಾರಿಗೆ?

ಪ್ರಶ್ನೆ: ನಾನು ಒಂದು ಆ್ಯಪ್ ಮೂಲಕ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಇಷ್ಟು ದಿನ ಒಂದು ಕ್ಲಾಸಿಗೆ ಇಷ್ಟು ಅಂತ ಫೀಸ್ ಇತ್ತು. ಆ್ಯಪ್‌ನವರು ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ಈಗ ತಿಂಗಳ ಪಾಸ್ ತರುತ್ತೇವೆ, ಒಪ್ಪಿಗೆ ಕೊಡಿ ಎನ್ನುತ್ತಿದ್ದಾರೆ. ಮಕ್ಕಳು ಜಾಸ್ತಿ ಬರುತ್ತಾರಂತೆ. ನನ್ನ ಸಂಪಾದನೆ ಹೆಚ್ಚುತ್ತದೋ, ಇಳಿಯುತ್ತದೋ?

ಉತ್ತರ: ಗಣಿತದವರಷ್ಟೇ ಅಲ್ಲ, ಯೋಗ, ಸಂಗೀತ, ಸ್ಪೋಕನ್ ಇಂಗ್ಲಿಷ್ ಕಲಿಸುವವರೂ ಇದನ್ನೇ ಕೇಳುತ್ತಾರೆ. ಪಾಸ್ ಅಂದ ಕೂಡಲೇ ಸಂಪಾದನೆ ಬಿದ್ದೇ ಹೋಗುತ್ತದೆ ಎಂದು ಹೆದರಬೇಕಿಲ್ಲ. ನಿಮಗೆ ದುಡ್ಡು ಯಾವ ಲೆಕ್ಕದಲ್ಲಿ ಬರುತ್ತದೆ, ಬಳಸದೇ ಉಳಿದ ಕ್ಲಾಸಿನ ದುಡ್ಡು ಯಾರ ಕೈಗೆ ಹೋಗುತ್ತದೆ ಎಂಬ ಎರಡು ವಿಷಯ ಗೊತ್ತಾದರೆ ಉಳಿದದ್ದನ್ನು ಕ್ಯಾಲ್ಕುಲೇಟರ್ ಹೇಳುತ್ತದೆ. ನೀವು ಗಣಿತದವರೇ, ಇನ್ನೂ ಸುಲಭ.

ಎರಡನೆಯದನ್ನೇ ಮೊದಲು ನೋಡೋಣ. ಹೆಚ್ಚಿನವರು ಕಮಿಷನ್ ಎಷ್ಟು ಪರ್ಸೆಂಟ್ ಎಂದು ಕೇಳಿ ಅಲ್ಲಿಗೇ ಬಿಡುತ್ತಾರೆ. ಮೆಸ್ ಕಾರ್ಡ್ ಗೊತ್ತಲ್ವಾ? ತಿಂಗಳಿಗೆ 60 ಊಟದ ದುಡ್ಡು ಮೊದಲೇ ಕಟ್ಟಿರುತ್ತೀರಿ. ಶನಿವಾರ, ಭಾನುವಾರ ಊರಿಗೆ ಹೋದರೆ ಆ ಊಟ ಹೋಯಿತು. ದುಡ್ಡು ಮಾತ್ರ ಮೆಸ್ಸಿನಲ್ಲೇ ಉಳಿಯಿತು. ಅಡುಗೆ ಭಟ್ಟರಿಗೆ ಬಡಿಸಿದ ಊಟಕ್ಕಷ್ಟೇ ಕೂಲಿ ಎಂದಿದ್ದರೆ ಅವರಿಗೆ ಅದರಲ್ಲಿ ಒಂದು ಪೈಸೆಯೂ ಇಲ್ಲ. ಆನ್‌ಲೈನ್ ಕ್ಲಾಸಿನಲ್ಲಿ ಆ ಭಟ್ಟರ ಜಾಗದಲ್ಲಿ ನೀವಿದ್ದೀರಿ.

ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಮೊದಲು ಒಂದು ಕ್ಲಾಸಿಗೆ ₹500, ಕಮಿಷನ್ 30%. ನಿಮಗೆ ಸಿಗುತ್ತಿದ್ದದ್ದು ₹350. ಈಗ 8 ಕ್ಲಾಸಿನ ಪಾಸ್ ₹3,200 ಎಂದುಕೊಳ್ಳಿ. ಒಂದು ಕ್ಲಾಸಿಗೆ ₹400 ಬಿತ್ತು. ಕಮಿಷನ್ ಅದೇ 30%, ಹಾಗಾಗಿ ನಿಮಗೆ ₹280. ರಿಯಾಯಿತಿ ಕೊಟ್ಟದ್ದು ಆ್ಯಪ್, ಅದರ ಬಹುಪಾಲು ಭಾರ ಬಿದ್ದದ್ದು ನಿಮ್ಮ ಮೇಲೆ. ಇಷ್ಟು ಎಲ್ಲರಿಗೂ ಕಾಣುತ್ತದೆ.

ಕಾಣದ್ದು ಮುಂದಿದೆ. ಆ ಹುಡುಗ ತಿಂಗಳಲ್ಲಿ 5 ಕ್ಲಾಸಿಗೆ ಮಾತ್ರ ಬಂದ. ಒಮ್ಮೆ ಜ್ವರ, ಒಮ್ಮೆ ಮದುವೆ, ಒಮ್ಮೆ ಸುಮ್ನೆ ಸೋಮಾರಿತನ. ನಿಮಗೆ 5 ಸಲ ₹280, ಅಂದರೆ ₹1,400 ಬಂತು. ಅವರಪ್ಪ ಕಟ್ಟಿದ್ದು ₹3,200. ಆ್ಯಪ್ ಬಳಿ ₹1,800 ಉಳಿಯಿತು. ಒಪ್ಪಂದದಲ್ಲಿ 30% ಎಂದೇ ಇದೆ, ಆದರೆ ಅವರಿಗೆ ಹೋದದ್ದು 56%. ಉಳಿದ 3 ಕ್ಲಾಸು ಮುಂದಿನ ತಿಂಗಳಿಗೆ ಹೋಗುತ್ತವೆ ಎಂದಿದ್ದರೆ ಆ ದುಡ್ಡು ಇನ್ನೂ ಬಾಕಿ ಇದೆ ಎಂದು ಲೆಕ್ಕ. ತಿಂಗಳು ಮುಗಿದ ಕೂಡಲೇ ರದ್ದು ಎಂದಿದ್ದರೆ ಅದು ಆ್ಯಪ್‌ನ ಲಾಭ. ಈ ಒಂದು ಸಾಲು ನಿಯಮಗಳಲ್ಲಿ ಎಲ್ಲಿದೆ ಎಂದು ಹುಡುಕಿ ಓದಿ. ಸಾಮಾನ್ಯವಾಗಿ ಶಿಕ್ಷಕರಿಗೆ ಕೊಡುವ ಕಾಗದದಲ್ಲಿ ಇರುವುದಿಲ್ಲ, ವಿದ್ಯಾರ್ಥಿಗಳಿಗೆ ಬರೆದ ನಿಯಮಗಳಲ್ಲಿ ಇರುತ್ತದೆ.

ಅದೇ ಹುಡುಗ ಎಂಟಕ್ಕೆ ಎಂಟೂ ಬಂದ ಅನ್ನಿ. ನಿಮಗೆ ₹2,240. ಪಾಸ್ ಇಲ್ಲದಿದ್ದಾಗ ಅವನು 5 ಕ್ಲಾಸ್ ಮಾತ್ರ ತಗೊಂಡು ನಿಮಗೆ ₹1,750 ಕೊಡುತ್ತಿದ್ದ ಎಂದುಕೊಂಡರೆ, ₹490 ಜಾಸ್ತಿ ಬಂತು. ಅದಕ್ಕಾಗಿ 3 ಗಂಟೆ ಜಾಸ್ತಿ ಪಾಠ ಮಾಡಿದಿರಿ. ಗಂಟೆಗೆ ₹163. ಆ ಹೊತ್ತು ನಿಮಗೆ ಖಾಲಿ ಇತ್ತಾ? ಹಾಗಾದರೆ ಲಾಭ. ಆ ಹೊತ್ತಿಗೆ ₹350 ಕೊಡುವ ಇನ್ನೊಬ್ಬ ವಿದ್ಯಾರ್ಥಿ ಕಾಯುತ್ತಿದ್ದರೆ ನಷ್ಟ. "ಮಕ್ಕಳು ಜಾಸ್ತಿ ಬರುತ್ತಾರೆ" ಎಂಬ ಮಾತು ನಿಜವೇ ಇರಬಹುದು. ಆದರೆ ನಿಮ್ಮ ವೇಳಾಪಟ್ಟಿ ಈಗಲೇ ತುಂಬಿದ್ದರೆ ಅದರಿಂದ ನಿಮಗೆ ಏನೂ ಬರುವುದಿಲ್ಲ.

ಈಗ ದುಡ್ಡು ಲೆಕ್ಕ ಹಾಕುವ ಬಗೆ. ಪಾಸ್ ನಿಮ್ಮ ಹೆಸರಿಗೇ ಕಟ್ಟಿದ್ದೋ, ಇಡೀ ಆ್ಯಪ್‌ಗೆ ಸೇರಿದ್ದೋ ಎಂದು ಮೊದಲು ನೋಡಿ.

ನಿಮ್ಮ ಹೆಸರಿಗೇ ಕಟ್ಟಿದ ಪಾಸ್‌ಗೆ ಒಳ್ಳೆಯ ಉದಾಹರಣೆ ಪ್ರೆಪ್ಲಿ. ಭಾಷೆ ಕಲಿಸುವವರ ದೊಡ್ಡ ವೇದಿಕೆ ಅದು, 2012ರಲ್ಲಿ ಉಕ್ರೇನಿನ ಗೆಳೆಯರು ಶುರು ಮಾಡಿದ್ದು. ಅಲ್ಲಿ ಕನ್ನಡ ಕಲಿಸುವವರೂ ಇದ್ದಾರೆ. ವಿದ್ಯಾರ್ಥಿ ಒಬ್ಬ ಶಿಕ್ಷಕರನ್ನು ಆರಿಸಿಕೊಂಡು ವಾರಕ್ಕೆ ಇಷ್ಟು ಪಾಠ ಎಂದು ಹೇಳುತ್ತಾನೆ, ನಾಲ್ಕು ವಾರಕ್ಕೊಮ್ಮೆ ದುಡ್ಡು ಕಟ್ ಆಗುತ್ತದೆ. ದರ ಇಡುವುದು ಶಿಕ್ಷಕರೇ. ಕಮಿಷನ್ 33% ಇಂದ ಶುರುವಾಗಿ, ಪಾಠ ಮಾಡಿದ ಗಂಟೆ ಹೆಚ್ಚಿದಂತೆ ಇಳಿಯುತ್ತದೆ. 400 ಗಂಟೆ ದಾಟಿದರೆ 18%. ಆದರೆ ಹೊಸ ವಿದ್ಯಾರ್ಥಿಯ ಮೊದಲ ಟ್ರಯಲ್ ಪಾಠದ ದುಡ್ಡು ಪೂರ್ತಿ ವೇದಿಕೆಗೆ. ಆ ಪಾಠ ನಿಮ್ಮ ಲೆಕ್ಕದಲ್ಲಿ ಪುಕ್ಕಟೆ.

ಇಂಥ ಕಡೆ ಚಂದಾ ಪದ್ಧತಿ ಶಿಕ್ಷಕರಿಗೆ ನೆರವಾಗಬಹುದು. ಪಾಠಕ್ಕೆ 10 ಡಾಲರ್ ದರ, ನೀವು ಹೊಸಬರು ಎಂದುಕೊಳ್ಳಿ. ವಿದ್ಯಾರ್ಥಿ ಟ್ರಯಲ್ ಮುಗಿಸಿ 2 ಪಾಠ ತಗೊಂಡು ಬಿಟ್ಟುಹೋದರೆ ನೀವು ಮಾಡಿದ್ದು 3 ಪಾಠ, ಬಂದದ್ದು 13.40 ಡಾಲರ್. ಪಾಠಕ್ಕೆ ನಾಲ್ಕೂವರೆ ಡಾಲರ್ ಸಹ ಇಲ್ಲ. ಅದೇ ವಿದ್ಯಾರ್ಥಿ ನಾಲ್ಕು ವಾರದ ಒಂದು ಸುತ್ತಿನ 8 ಪಾಠ ಮುಗಿಸಿದರೆ 9 ಪಾಠಕ್ಕೆ 53.60 ಡಾಲರ್, ಹೆಚ್ಚುಕಡಿಮೆ ಆರು ಡಾಲರ್ ಬಿತ್ತು. ಪುಕ್ಕಟೆ ಪಾಠದ ನಷ್ಟ ಹರಡಿಹೋಯಿತು. ಜೊತೆಗೆ ಗಂಟೆಗಳು ಬೇಗ ಕೂಡಿ ಕಮಿಷನ್ ಇಳಿಯುತ್ತದೆ. ವಿದ್ಯಾರ್ಥಿ ನಿಂತಷ್ಟೂ ನಿಮಗೆ ಒಳ್ಳೆಯದು.

ಇಡೀ ಆ್ಯಪ್‌ಗೆ ಸೇರಿದ ಪಾಸ್‌ನಲ್ಲಿ ಕಥೆ ಬೇರೆ. ವಿದ್ಯಾರ್ಥಿ ಇವತ್ತು ನಿಮ್ಮ ಕ್ಲಾಸಿಗೆ ಬರುತ್ತಾನೆ, ನಾಳೆ ಇನ್ನೊಬ್ಬರದ್ದಕ್ಕೆ ಹೋಗುತ್ತಾನೆ. ನಮ್ಮ ಬೆಂಗಳೂರಿನ ಅನ್‌ಅಕಾಡೆಮಿ 2019ರಲ್ಲಿ ತಂದ ಪ್ಲಸ್ ಚಂದಾ ಈ ಜಾತಿಯದ್ದು: ಒಂದು ಪರೀಕ್ಷೆಗೆ ಚಂದಾ ಕಟ್ಟಿದರೆ ಅದನ್ನು ಕಲಿಸುವ ಬೇರೆ ಬೇರೆ ಶಿಕ್ಷಕರ ಲೈವ್ ಕ್ಲಾಸಿಗೆ ಕೂರಬಹುದು. ಈ ಬಗೆಯ ಪಾಸ್‌ನಲ್ಲಿ ಶಿಕ್ಷಕರಿಗೆ ಹೇಗೆ ಕೊಡಬೇಕು ಎಂಬುದೇ ತಲೆನೋವು. ಯಾರ ಪಾಠಕ್ಕೂ ಪ್ರತ್ಯೇಕ ಬೆಲೆ ಇಲ್ಲವಲ್ಲ.

ಒಂದು ದಾರಿ, ನಿಮಿಷಕ್ಕೆ ಇಷ್ಟು ಎಂದು ಗಟ್ಟಿ ದರ. ಇಂಗ್ಲಿಷ್ ಮಾತು ಕಲಿಸುವ ಅಮೆರಿಕದ ಕ್ಯಾಂಬ್ಲಿಯಲ್ಲಿ ವಿದ್ಯಾರ್ಥಿಗಳು ಚಂದಾ ಕಟ್ಟುತ್ತಾರೆ, ಶಿಕ್ಷಕರಿಗೆ ವರ್ಷಗಳ ಕಾಲ ನಿಮಿಷಕ್ಕೆ 17 ಸೆಂಟ್ ನಡೆದುಬಂದಿದೆ. ಗಂಟೆಗೆ 10.20 ಡಾಲರ್. ಯಾರು ಎಷ್ಟು ಚಂದಾ ಕಟ್ಟಿದರೂ ನಿಮ್ಮ ದರ ಅಲ್ಲಾಡುವುದಿಲ್ಲ. ಅಷ್ಟೇ, ಮೇಲೂ ಹೋಗುವುದಿಲ್ಲ. ಹತ್ತು ವರ್ಷದ ಅನುಭವಿಗೂ ನಿನ್ನೆ ಬಂದವರಿಗೂ ಒಂದೇ ಬೆಲೆ.

ಇನ್ನೊಂದು ದಾರಿ, ಒಟ್ಟು ಗಂಟಿನಿಂದ ಪಾಲು. ನನ್ನ ಪ್ರಕಾರ ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ. ಚಂದಾದಿಂದ ಬಂದ ಹಣದಲ್ಲಿ ಒಂದು ಭಾಗವನ್ನು ತೆಗೆದಿಟ್ಟು, ಯಾರ ಪಾಠವನ್ನು ಎಷ್ಟು ನಿಮಿಷ ನೋಡಿದರು ಎಂಬ ಲೆಕ್ಕದಲ್ಲಿ ಎಲ್ಲರಿಗೂ ಹಂಚುತ್ತಾರೆ. ಮತ್ತೆ ಒಂದು ಕಲ್ಪಿತ ಲೆಕ್ಕ. ನೂರು ಮಕ್ಕಳು, ತಿಂಗಳಿಗೆ ₹1,000. ಒಂದು ಲಕ್ಷ ಬಂತು. ಅದರೊಳಗೇ 18% ಜಿಎಸ್‌ಟಿ ಸೇರಿದೆ, ಅದು ಹೋಗಿ ಉಳಿದದ್ದು ಸುಮಾರು ₹84,700. ಶಿಕ್ಷಕರಿಗೆ ಅದರಲ್ಲಿ 40% ಎಂದರೆ ₹33,900. ಆ ತಿಂಗಳು ಎಲ್ಲ ಮಕ್ಕಳೂ ಸೇರಿ ಕ್ಲಾಸಿನಲ್ಲಿ ಕೂತದ್ದು 60,000 ನಿಮಿಷ. ನೀವು ಹತ್ತು ಮಕ್ಕಳಿಗೆ ಒಂದು ಗಂಟೆಯ 5 ಕ್ಲಾಸ್ ಮಾಡಿದಿರಿ, ಅಂದರೆ 3,000 ನಿಮಿಷ. ನಿಮ್ಮ ಪಾಲು ₹1,695. ಕ್ಲಾಸಿಗೆ ₹339.

ಮುಂದಿನ ತಿಂಗಳು ಪರೀಕ್ಷೆ ಬಂತು. ಅದೇ ನೂರು ಮಕ್ಕಳು ಎರಡರಷ್ಟು ಹೊತ್ತು ಕೂತರು. ಪಾಸ್ ಅನ್‌ಲಿಮಿಟೆಡ್, ಹಾಗಾಗಿ ಒಂದು ರೂಪಾಯಿಯೂ ಜಾಸ್ತಿ ಬರಲಿಲ್ಲ. ನಿಮ್ಮ 5 ಕ್ಲಾಸು ಎಂದಿನಂತೆ ತುಂಬಿವೆ, ಆದರೂ ಕ್ಲಾಸಿಗೆ ಸಿಕ್ಕಿದ್ದು ₹170ರಷ್ಟು. ನೀವು ಏನೂ ತಪ್ಪು ಮಾಡಲಿಲ್ಲ. ಮಕ್ಕಳು ಚೆನ್ನಾಗಿ ಓದಿದರು, ಅದೇ ನಿಮಗೆ ಹೊಡೆತ. ಇಷ್ಟೇ ಕ್ಲಾಸ್ ಎಂಬ ಎಣಿಕೆಯ ಪಾಸ್‌ನಲ್ಲಿ ಮಕ್ಕಳು ತಪ್ಪಿಸಿಕೊಂಡರೆ ಆ್ಯಪ್‌ಗೆ ಲಾಭ, ಅನ್‌ಲಿಮಿಟೆಡ್ ಪಾಸ್‌ನಲ್ಲಿ ಶ್ರದ್ಧೆಯಿಂದ ಕೂತರೆ ಮೇಷ್ಟ್ರಿಗೆ ನಷ್ಟ. ವಿಚಿತ್ರ ಅಲ್ವಾ?

ಆ 40% ಎಂಬ ಅಂಕಿ ಕೂಡ ನಿಂತಲ್ಲಿ ನಿಲ್ಲುವಂಥದ್ದಲ್ಲ. ಆನ್‌ಲೈನ್ ಕೋರ್ಸ್ ಮಾರುವ ವೇದಿಕೆ ಯುಡೆಮಿಯಲ್ಲಿ ಇರುವುದು ಹೆಚ್ಚಾಗಿ ರೆಕಾರ್ಡ್ ಮಾಡಿದ ಪಾಠ. ಆದರೂ ಅವರು ಅಂಕಿಗಳನ್ನು ಬಹಿರಂಗವಾಗಿ ಹೇಳಿದ್ದರಿಂದ ನೋಡಲು ಅನುಕೂಲ. ಚಂದಾ ಆದಾಯದಲ್ಲಿ ಶಿಕ್ಷಕರ ಪಾಲು 2023ರವರೆಗೆ 25% ಇತ್ತು. 2024ಕ್ಕೆ 20%, 2025ಕ್ಕೆ 17.5%, 2026ಕ್ಕೆ 15% ಎಂದು ಮೊದಲೇ ಪ್ರಕಟಿಸಿದರು. ಅದೇ ಕೋರ್ಸನ್ನು ಶಿಕ್ಷಕರೇ ತಮ್ಮ ಕೂಪನ್ ಕೊಟ್ಟು ಬಿಡಿಯಾಗಿ ಮಾರಿದರೆ 97% ಅವರಿಗೇ ಸಿಗುತ್ತದೆ. ಒಂದೇ ಪಾಠ, ಮಾರುವ ದಾರಿ ಬೇರೆ, ಪಾಲಿನಲ್ಲಿ ಇಷ್ಟು ಅಂತರ.

ಇನ್ನೊಬ್ಬ ಪಾಲುದಾರ ಇದ್ದಾನೆ, ಅವನನ್ನು ಯಾರೂ ನೆನೆಯುವುದಿಲ್ಲ: ಫೋನಿನ ಆ್ಯಪ್ ಸ್ಟೋರ್. ಆಪಲ್ ನಿಯಮದಲ್ಲಿ ಒಬ್ಬ ಶಿಕ್ಷಕರು ಒಬ್ಬ ವಿದ್ಯಾರ್ಥಿಗೆ ಮಾಡುವ ಲೈವ್ ಪಾಠಕ್ಕೆ ಆ್ಯಪ್ ಹೊರಗೆ ದುಡ್ಡು ತಗೊಳ್ಳಲು ಅವಕಾಶವಿದೆ. ಗುಂಪು ಪಾಠವಾದರೆ ಸಾಮಾನ್ಯವಾಗಿ ಅವರ ಪಾವತಿ ವ್ಯವಸ್ಥೆಯ ಮೂಲಕವೇ ಹೋಗಬೇಕು. ಚಂದಾ ಆದರೆ ಮಾಮೂಲಿ ಕಮಿಷನ್ ಮೊದಲ ವರ್ಷ 30%, ಆಮೇಲೆ 15%. ಚಿಕ್ಕ ಕಂಪನಿಗಳಿಗೆ ಮೊದಲಿನಿಂದಲೇ 15%. ನಿಮ್ಮ ಒಪ್ಪಂದದಲ್ಲಿ "ನಿವ್ವಳ ಆದಾಯದ 40%" ಎಂದಿದ್ದರೆ, ಆ ನಿವ್ವಳ ಲೆಕ್ಕ ಹಾಕುವಾಗ ಏನೇನು ಕಳೆಯುತ್ತಾರೆ ಎಂದು ಕೇಳಿ. ತೆರಿಗೆ, ಸ್ಟೋರ್ ಕಮಿಷನ್, ರೀಫಂಡ್ ಎಲ್ಲ ಹೋದ ಮೇಲಿನ 40% ಬೇರೆಯೇ ಅಂಕಿ.

ವರ್ಷದ ಪಾಸ್ ಬಗ್ಗೆ ಎರಡು ಮಾತು. ನಮ್ಮಲ್ಲಿ ರಿಸರ್ವ್ ಬ್ಯಾಂಕ್ ನಿಯಮದಂತೆ ₹15,000ಕ್ಕಿಂತ ದೊಡ್ಡ ಚಂದಾ ತಾನಾಗಿ ಕಟ್ ಆಗುವುದಿಲ್ಲ, ಪ್ರತಿ ಸಲ ಒಟಿಪಿ ಕೊಡಬೇಕು. ಹಾಗಾಗಿ ದೊಡ್ಡ ಪಾಸ್ ಮುಗಿದಾಗ ಅಪ್ಪ ಅಮ್ಮ ಕೂತು ಯೋಚಿಸುತ್ತಾರೆ, ಬ್ಯಾಚ್ ಅರ್ಧ ಖಾಲಿಯಾಗುವುದು ಆಗಲೇ. ಇನ್ನೊಂದು, ವರ್ಷದ ದುಡ್ಡು ಕಂಪನಿಗೆ ಮೊದಲ ದಿನವೇ ಸೇರುತ್ತದೆ, ನಿಮಗೆ ತಿಂಗಳು ತಿಂಗಳು ಬರುತ್ತದೆ. ನಡುವೆ ಕಂಪನಿ ಮುಗ್ಗರಿಸಿದರೆ? ಬೈಜೂಸ್ ಮಾತೃಸಂಸ್ಥೆಯ ಮೇಲೆ 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ದಿವಾಳಿ ಪ್ರಕ್ರಿಯೆ ಶುರು ಮಾಡಿದ್ದು ನೆನಪಿರಬಹುದು. ಇಂಥ ಹೊತ್ತಿನಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಪಾಠ ಮಾಡುವವರನ್ನು ನೌಕರರೆಂದು ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಬಾಕಿ ಬರಬೇಕಾದವರ ಸಾಲಿನಲ್ಲಿ ಬ್ಯಾಂಕುಗಳ ಹಿಂದೆ, ನೌಕರರ ಹಿಂದೆ ನಿಲ್ಲಬೇಕು.

ಹಾಗಾದರೆ ಒಪ್ಪಿಕೊಳ್ಳಬೇಕೋ ಬೇಡವೋ? ಪಾಸ್ ನಿಮ್ಮ ಹೆಸರಿಗೇ ಇದ್ದು, ರದ್ದಾದ ಕ್ಲಾಸಿನಲ್ಲೂ ಪಾಲು ಕೊಡುತ್ತಾರೆ ಎಂದಾದರೆ ನಾನಾಗಿದ್ದರೆ ಒಪ್ಪುತ್ತಿದ್ದೆ. ಇಡೀ ಆ್ಯಪ್‌ಗೆ ಸೇರಿದ ಪಾಸ್ ಆದರೆ, ಪಾಲು ಎಷ್ಟೇ ಬರಲಿ, ಒಂದು ಕ್ಲಾಸಿಗೆ ಇಷ್ಟಕ್ಕಿಂತ ಕಡಿಮೆ ಕೊಡುವಂತಿಲ್ಲ ಎಂಬ ಕನಿಷ್ಠ ದರ ಬರೆಸಿಕೊಳ್ಳಿ. ಇದನ್ನು ಫೋನಿನಲ್ಲಿ ಹೇಳಿಸಿಕೊಂಡರೆ ಸಾಲದು, ಇಮೇಲ್ ಬರಲಿ. ಒಪ್ಪದಿದ್ದರೆ, ಮೂರು ತಿಂಗಳು ವಾರದ ಖಾಲಿ ಹೊತ್ತನ್ನು ಮಾತ್ರ ಪಾಸ್‌ಗೆ ಬಿಡುತ್ತೇನೆ, ಸಂಜೆ ಆರರಿಂದ ಎಂಟರ ಬ್ಯಾಚ್ ಹಳೆಯ ದರದಲ್ಲೇ ಇರಲಿ ಎಂದು ಕೇಳಿ ನೋಡಿ. ಆ ಹೊತ್ತಿಗೇ ಎಲ್ಲ ಮಕ್ಕಳಿಗೂ ಗಣಿತ ಬೇಕಾಗಿರುವುದು, ಅದು ಅವರಿಗೂ ಗೊತ್ತು.