ಟೂ ಸ್ಟ್ರೋಕ್ ಸಿಲಿಂಡರ್ ಪೋರ್ಟಿಂಗ್: ಎಲ್ಲಿ ಅರ ಹಾಕಬೇಕು, ಎಲ್ಲಿ ಕೈ ಹಾಕಬಾರದು

ಟೂ ಸ್ಟ್ರೋಕ್ ಎಂಜಿನ್‌ನ ಸಿಲಿಂಡರ್ ಹೆಡ್‌ನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರ್ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆಗೆಯುತ್ತದೆ. ಕಿಂಡಿಯ ಮೇಲಂಚು ಎಷ್ಟು ಎತ್ತರದಲ್ಲಿದೆ ಅನ್ನುವುದೇ ಇಲ್ಲಿ ಟೈಮಿಂಗ್. ಇದು ಗೊತ್ತಿಲ್ಲದೆ ಗ್ರೈಂಡರ್ ಹಿಡಿದವರು 'ಸ್ವಲ್ಪ ಸಾಫ್ ಮಾಡೋಣ' ಅಂತ ಶುರು ಮಾಡಿ ಟೈಮಿಂಗನ್ನೇ ಬದಲಾಯಿಸಿ ಕೂತಿರುತ್ತಾರೆ.

ಪೋರ್ಟಿಂಗ್ ಅಂತ ಒಂದೇ ಹೆಸರಲ್ಲಿ ಎರಡು ಕೆಲಸ ನಡೆಯುತ್ತವೆ. ಒಂದು, ದಾರಿಯನ್ನು ಸರಿ ಮಾಡುವುದು: ಎರಕದ ಗಂಟು ತೆಗೆಯುವುದು, ಎರಡು ಭಾಗ ಸೇರುವ ಕಡೆ ಇರುವ ಮೆಟ್ಟಿಲು ಇಳಿಸುವುದು, ಎಡ ಬಲ ಸಮ ಮಾಡುವುದು. ಇನ್ನೊಂದು, ಕಿಂಡಿಯ ಎತ್ತರ ಅಗಲ ಬದಲಾಯಿಸುವುದು. ಮನೆಯಲ್ಲಿ ಮೊದಲ ಸಲ ಮಾಡುವವರು ಮೊದಲನೆಯದನ್ನು ಪೂರ್ತಿ ಮಾಡಿ, ಎರಡನೆಯದನ್ನು ಕೆಳಗಿನ ಲೆಕ್ಕ ತಲೆಗೆ ಹತ್ತುವ ತನಕ ಮುಟ್ಟದಿರುವುದು ಒಳ್ಳೆಯದು. ಕೆರೆದ ಲೋಹವನ್ನು ವಾಪಸ್ ಅಂಟಿಸೋಕಾಗಲ್ಲ, ಅಲ್ವಾ.

ಮೊದಲು ಲೆಕ್ಕ

ಉದಾಹರಣೆಗೆ ಬೋರ್ (ಸಿಲಿಂಡರ್‌ನ ಒಳವ್ಯಾಸ) 50 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲಿಂದ ಕೆಳಗೆ ಓಡುವ ದೂರ) 50 ಮಿ.ಮೀ., ಕನೆಕ್ಟಿಂಗ್ ರಾಡ್ ಉದ್ದ 100 ಮಿ.ಮೀ. ಇರುವ ಎಂಜಿನ್ ತೆಗೆದುಕೊಳ್ಳೋಣ. ಸ್ಟ್ರೋಕ್‌ನ ಅರ್ಧ 25. ಕ್ರ್ಯಾಂಕ್ ಟಿಡಿಸಿಯಿಂದ (ಪಿಸ್ಟನ್ ತೀರ ಮೇಲಿರುವ ಸ್ಥಾನ) ಸರಿಯಾಗಿ 90 ಡಿಗ್ರಿ ತಿರುಗಿದಾಗ ಪಿಸ್ಟನ್ ಎಷ್ಟು ಕೆಳಗೆ ಬಂದಿರುತ್ತದೆ? 25 + 100 − √(100² − 25²) = 28.18 ಮಿ.ಮೀ. ಅರ್ಧ ಸುತ್ತಿನ ಅರ್ಧಕ್ಕೆ 25 ಬರಬೇಕಿತ್ತಲ್ಲ ಅಂತ ಅನ್ನಿಸಬಹುದು. ರಾಡ್ ಓರೆಯಾಗಿ ನಿಲ್ಲುವುದರಿಂದ ಪಿಸ್ಟನ್ ಇನ್ನೂ 3.18 ಮಿ.ಮೀ. ಕೆಳಗೆ ಎಳೆಯಲ್ಪಟ್ಟಿರುತ್ತದೆ.

ಹೊಗೆ ಹೊರಹೋಗುವ ಕಿಂಡಿ, ಅಂದರೆ ಎಕ್ಸಾಸ್ಟ್ ಪೋರ್ಟ್‌ನ ಮೇಲಂಚು ಅಲ್ಲೇ ಇದೆ ಅಂದುಕೊಳ್ಳಿ. ಹಾಗಾದರೆ ಅದು ಟಿಡಿಸಿ ಆದ ಮೇಲೆ 90 ಡಿಗ್ರಿಗೆ ತೆರೆದು, ಮತ್ತೆ ಟಿಡಿಸಿಗೆ 90 ಡಿಗ್ರಿ ಇರುವಾಗ ಮುಚ್ಚುತ್ತದೆ. ತೆರೆದಿರುವ ಅವಧಿ 180 ಡಿಗ್ರಿ. ಈಗ ಮೇಲಂಚನ್ನು 1 ಮಿ.ಮೀ. ಎತ್ತರಿಸಿದರೆ ಪೋರ್ಟ್ ಸುಮಾರು 2.3 ಡಿಗ್ರಿ ಮೊದಲೇ ತೆರೆಯುತ್ತದೆ, ಅಷ್ಟೇ ತಡವಾಗಿ ಮುಚ್ಚುತ್ತದೆ. ಒಟ್ಟು 184.6.

ಕ್ರ್ಯಾಂಕ್‌ಕೇಸ್‌ನಿಂದ ಹೊಸ ಮಿಶ್ರಣವನ್ನು ಸಿಲಿಂಡರ್‌ಗೆ ತರುವ ಟ್ರಾನ್ಸ್‌ಫರ್ ಪೋರ್ಟ್ ಇನ್ನೂ ಕೆಳಗಿರುತ್ತದೆ. ಅದು 120 ಡಿಗ್ರಿಗೆ ತೆರೆಯುತ್ತದೆ ಅಂದರೆ ಅವಧಿ 120, ಮೇಲಂಚು 39.87 ಮಿ.ಮೀ. ಕೆಳಗೆ. ಅಲ್ಲಿ 1 ಮಿ.ಮೀ. ಎತ್ತರಿಸಿದರೆ ಅವಧಿ 126 ಆಗುತ್ತದೆ, ಅಂದರೆ ಎಕ್ಸಾಸ್ಟ್‌ಗಿಂತ ಜಾಸ್ತಿ ಬದಲಾವಣೆ. ಕಾರಣ ಸುಲಭ: ಬಿಡಿಸಿ (ಪಿಸ್ಟನ್ ತೀರ ಕೆಳಗಿರುವ ಸ್ಥಾನ) ಹತ್ತಿರ ಬರುತ್ತಾ ಪಿಸ್ಟನ್ ನಿಧಾನವಾಗುತ್ತದೆ, ಹಾಗಾಗಿ ಅದೇ ಒಂದು ಮಿ.ಮೀ. ದಾಟಲು ಕ್ರ್ಯಾಂಕ್ ಹೆಚ್ಚು ತಿರುಗಬೇಕು.

ಎಕ್ಸಾಸ್ಟ್ ತೆರೆದು ಟ್ರಾನ್ಸ್‌ಫರ್ ತೆರೆಯುವ ತನಕ ಇರುವ ಅಂತರಕ್ಕೆ ಬ್ಲೋಡೌನ್ ಅನ್ನುತ್ತಾರೆ. ಮೇಲಿನ ಲೆಕ್ಕದಲ್ಲಿ 30 ಡಿಗ್ರಿ. ಆ ಹೊತ್ತಲ್ಲಿ ಸುಟ್ಟ ಗಾಳಿಯ ಒತ್ತಡ ಇಳಿಯಬೇಕು, ಇಲ್ಲದಿದ್ದರೆ ಟ್ರಾನ್ಸ್‌ಫರ್ ತೆರೆದ ಕೂಡಲೇ ಹೊಗೆ ಕ್ರ್ಯಾಂಕ್‌ಕೇಸ್ ಕಡೆಗೆ ಹಿಂದಕ್ಕೆ ನುಗ್ಗುತ್ತದೆ. ಎಂಜಿನ್ ವೇಗ ಹೆಚ್ಚಿದಷ್ಟೂ ಇದಕ್ಕೆ ಸಿಗುವ ಸಮಯ ಕಡಿಮೆ, ಅದಕ್ಕೇ ರೇಸ್ ಸಿಲಿಂಡರ್‌ಗಳಲ್ಲಿ ಎಕ್ಸಾಸ್ಟ್ ಅಷ್ಟು ಎತ್ತರ.

ಸಿಲಿಂಡರ್ ಕೆಳಗೆ ದಪ್ಪ ಬೇಸ್ ಗ್ಯಾಸ್ಕೆಟ್ ಹಾಕಿ 1 ಮಿ.ಮೀ. ಮೇಲೆತ್ತಿದರೆ ಕೆರೆಯದೆಯೇ ಕೆಲಸ ಆಯಿತಲ್ಲ ಅನ್ನುವ ಉಪಾಯ ತುಂಬ ಜನ ಹೇಳುತ್ತಾರೆ. ಲೆಕ್ಕ ಹಾಕಿ ನೋಡಿ: ಎಕ್ಸಾಸ್ಟ್ 184.6, ಟ್ರಾನ್ಸ್‌ಫರ್ 126, ಬ್ಲೋಡೌನ್ 29.3. ಹೆಚ್ಚಾಗಬೇಕಾಗಿದ್ದು ಕಡಿಮೆಯಾಯಿತು. ಜೊತೆಗೆ ಹೆಡ್ ಮೇಲೆ ಹೋಗಿ ಕಂಪ್ರೆಷನ್ ಬೀಳುತ್ತದೆ. ಪಿಸ್ಟನ್ನೇ ಇನ್‌ಟೇಕ್ ತೆರೆಯುವ ಎಂಜಿನ್ ಆದರೆ ಇನ್‌ಟೇಕ್ ಕಿಂಡಿಯ ತಳವೂ ಮೇಲೆ ಹೋಗಿ ಅದರ ಅವಧಿ ಕುಗ್ಗುತ್ತದೆ. ಪುಕ್ಕಟೆ ಉಪಾಯ ಏನಲ್ಲ.

ಇನ್ನೊಂದು ಮಾತು. ನಿಜವಾದ ಕಂಪ್ರೆಷನ್ ಶುರುವಾಗುವುದು ಎಕ್ಸಾಸ್ಟ್ ಮುಚ್ಚಿದ ಮೇಲೆ. ಈ ಎಂಜಿನ್‌ನ ಪೂರ್ತಿ ಸ್ಟ್ರೋಕ್ 98 ಸಿಸಿ, ಆದರೆ ಎಕ್ಸಾಸ್ಟ್ ಮೇಲಂಚಿನಿಂದ ಮೇಲೆ ಇರುವುದು 55.3 ಸಿಸಿ ಮಾತ್ರ. 1 ಮಿ.ಮೀ. ಎತ್ತರಿಸಿದರೆ 53.4. ಕಡಿಮೆ ವೇಗದಲ್ಲಿ ಎಳೆತ ಹೋಯಿತು ಅನ್ನುವ ದೂರಿಗೆ ಇದೂ ಒಂದು ಕಾರಣ.

ಕಾಗದದ ನಕ್ಷೆ

ಗ್ರೈಂಡರ್ ಮುಟ್ಟುವ ಮುಂಚೆ ಬೋರ್ ಒಳಗೆ ಒಂದು ಬಿಳಿ ಹಾಳೆಯನ್ನು ಸುತ್ತಿ, ಗೋಡೆಗೆ ಅಂಟಿಕೊಂಡು ಕೂರುವ ಹಾಗೆ ಬಿಟ್ಟು, ಮೇಲಂಚನ್ನು ಸಿಲಿಂಡರ್‌ನ ಮೇಲ್ಮೈಗೆ ಸಮ ಮಾಡಿ, ಕಿಂಡಿಗಳ ಅಂಚಿನ ಮೇಲೆ ಬೆರಳಿಂದ ಒತ್ತುತ್ತಾ ಹೋಗಿ. ಬೆರಳಿಗೆ ಸ್ವಲ್ಪ ಪೆನ್ಸಿಲ್ ಪುಡಿ ಹಚ್ಚಿಕೊಂಡರೆ ಪ್ರತಿ ಕಿಂಡಿಯ ಗೆರೆ ಕಪ್ಪಾಗಿ ಮೂಡುತ್ತದೆ. ಹಾಳೆ ಬಿಡಿಸಿ ಮೇಜಿನ ಮೇಲಿಟ್ಟರೆ ಪೂರ್ತಿ ಸಿಲಿಂಡರ್ ಕಣ್ಣ ಮುಂದೆ. ಎಡ ಟ್ರಾನ್ಸ್‌ಫರ್ ಬಲದ್ದಕ್ಕಿಂತ ಅರ್ಧ ಮಿ.ಮೀ. ಕೆಳಗಿರುವುದು ಇಲ್ಲಿ ಗೊತ್ತಾಗುತ್ತದೆ, ಬರಿಗಣ್ಣಿಗೆ ಎಂದೂ ಗೊತ್ತಾಗುವುದಿಲ್ಲ.

ಅಗಲ ಅಳೆಯುವಾಗ ಹುಷಾರು. ಹಾಳೆಯಲ್ಲಿ ಕಾಣುವುದು ಬಾಗಿದ ಗೋಡೆಯ ಮೇಲಿನ ಉದ್ದ, ನೇರ ಅಗಲ ಅಲ್ಲ. 50 ಮಿ.ಮೀ. ಬೋರ್‌ನಲ್ಲಿ ಹಾಳೆಯ ಮೇಲೆ 35 ಬಂದರೆ ನೇರ ಅಗಲ 32.2, ಅಂದರೆ ಬೋರ್‌ನ 64%. ನಡುವೆ ಸೇತುವೆ ಇಲ್ಲದ ಎಕ್ಸಾಸ್ಟ್ ಪೋರ್ಟನ್ನು ಸುಮಾರು 65%ರ ಒಳಗೇ ಇಡುವುದು ಸುರಕ್ಷಿತ. ಅದಕ್ಕಿಂತ ಅಗಲವಾದರೆ ಪಿಸ್ಟನ್ ರಿಂಗ್ ಕಿಂಡಿಯೊಳಕ್ಕೆ ಉಬ್ಬಿ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ರಿಂಗ್‌ನ ತುದಿಗಳು ಸೇರುವ ಜಾಗದಲ್ಲಿ ಪಿಸ್ಟನ್‌ಗೆ ಒಂದು ಪುಟ್ಟ ಪಿನ್ ಇರುತ್ತದಲ್ಲ, ಆ ಪಿನ್ ಯಾವ ಗೆರೆಯಲ್ಲಿ ಓಡುತ್ತದೆ ಅಂತ ನಕ್ಷೆ ಮೇಲೆ ಗುರುತು ಹಾಕಿ. ಯಾವ ಕಿಂಡಿಯೂ ಆ ಗೆರೆಗೆ ತಾಗಬಾರದು.

ಗ್ರೈಂಡರ್

ಫ್ಲೆಕ್ಸಿಬಲ್ ಶಾಫ್ಟ್ ಇರುವ ಚಿಕ್ಕ ಗ್ರೈಂಡರ್, ಕಾರ್ಬೈಡ್ ಬರ್ (ಗ್ರೈಂಡರ್ ತುದಿಗೆ ಹಾಕುವ ಹಲ್ಲಿನ ಬಿಟ್), ಅರ್ಧ ಉರುಟಿನ ಸಣ್ಣ ಅರ, ಎಮರಿ ಪೇಪರ್. ಅಲ್ಯೂಮಿನಿಯಂಗೆ ದೊಡ್ಡ ಹಲ್ಲಿನ ಬರ್ ಬೇಕು, ಸಣ್ಣ ಹಲ್ಲಿನದು ಕ್ಷಣದಲ್ಲಿ ಕಟ್ಟಿಕೊಳ್ಳುತ್ತದೆ. ಆಗಾಗ ಸೀಮೆಎಣ್ಣೆಯಲ್ಲಿ ಅದ್ದುತ್ತಿರಿ. ಕನ್ನಡಕ ಮತ್ತು ಮಾಸ್ಕ್ ಇಲ್ಲದೆ ಸ್ವಿಚ್ ಹಾಕಲೇಬೇಡಿ. ಗ್ಲೌಸ್ ಮಾತ್ರ ಬೇಡ, ತಿರುಗುವ ಬರ್‌ಗೆ ಸುತ್ತಿಕೊಂಡರೆ ಬೆರಳೂ ಹೋಗುತ್ತದೆ.

ನಿಮ್ಮ ಸಿಲಿಂಡರ್ ಯಾವ ಜಾತಿ ಅಂತ ತಿಳಿದುಕೊಳ್ಳಿ. ಎರಕದ ಕಬ್ಬಿಣದ ಲೈನರ್ ಇದ್ದರೆ ಆಯಸ್ಕಾಂತ ಬೋರ್‌ಗೆ ಅಂಟುತ್ತದೆ. ಅದು ಕ್ಷಮಿಸುವ ಜಾತಿ, ಬೋರ್ ಹಾಳಾದರೆ ಓವರ್‌ಸೈಜ್ ಪಿಸ್ಟನ್ ಹಾಕಬಹುದು. ನಿಕಲ್ ಸಿಲಿಕಾನ್ ಕಾರ್ಬೈಡ್ ಲೇಪನದ ಅಲ್ಯೂಮಿನಿಯಂ ಬೋರ್ ಹಾಗಲ್ಲ. ಅಂಚಿನಲ್ಲಿ ಲೇಪನ ಚಕ್ಕೆ ಎದ್ದರೆ ಪೂರ್ತಿ ಸಿಲಿಂಡರನ್ನು ಮತ್ತೆ ಲೇಪನಕ್ಕೆ ಕಳಿಸಬೇಕು. ಅದರಲ್ಲಿ ಬರ್‌ನ ಹಲ್ಲು ಯಾವಾಗಲೂ ಬೋರ್ ಕಡೆಯಿಂದ ಕಿಂಡಿಯ ಒಳಕ್ಕೆ ಕೊಯ್ಯಬೇಕು. ಒಳಗಿಂದ ಬೋರ್ ಕಡೆಗೆ ಕೊಯ್ದರೆ ಲೇಪನವನ್ನು ಎತ್ತಿ ಕಿತ್ತಂತೆ. ಅಂಚಿನ ಹತ್ತಿರ ಬರ್ ಬಿಟ್ಟು ಡೈಮಂಡ್ ಬಿಟ್ ಹಿಡಿಯಿರಿ.

ಟ್ರಾನ್ಸ್‌ಫರ್: ಲಾಭ ಇರುವುದು ಇಲ್ಲೇ

ಸಿಲಿಂಡರ್‌ನ ಕೆಳಮೈಗೆ ಮಾರ್ಕರ್ ಮಸಿ ಬಳಿದು, ಬೇಸ್ ಗ್ಯಾಸ್ಕೆಟ್ ಇಟ್ಟು ಗೆರೆ ಎಳೆಯಿರಿ. ಕ್ರ್ಯಾಂಕ್‌ಕೇಸ್ ಮೇಲೂ ಹಾಗೇ ಮಾಡಿ. ಕೇಸಿನ ದಾರಿ, ಗ್ಯಾಸ್ಕೆಟ್, ಸಿಲಿಂಡರ್‌ನ ದಾರಿ ಮೂರೂ ಒಂದಕ್ಕೊಂದು ಕೂಡುವುದೇ ಅಪರೂಪ. ಮಿಶ್ರಣ ಹೋಗುವ ದಿಕ್ಕಿಗೆ ಎದುರಾಗಿ ನಿಂತ ಮೆಟ್ಟಿಲು ಕೆಟ್ಟದ್ದು, ಅದನ್ನು ಇಳಿಜಾರು ಮಾಡಿ. ಚಿಕ್ಕ ಬಾಯಿಯಿಂದ ಸ್ವಲ್ಪ ದೊಡ್ಡ ಬಾಯಿಗೆ ಹೋಗುವ ಮೆಟ್ಟಿಲು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಎಕ್ಸಾಸ್ಟ್ ಪೈಪ್ ಸೇರುವಲ್ಲೂ ಇದೇ ನಿಯಮ: ಪೈಪಿನ ಬಾಯಿ ಅಥವಾ ಗ್ಯಾಸ್ಕೆಟ್ ರಿಂಗ್ ಒಳಕ್ಕೆ ಚಾಚಿದ್ದರೆ ತೆಗೆಯಿರಿ, ಪೈಪ್ ಕೊಂಚ ದೊಡ್ಡದಿದ್ದರೆ ಬಿಟ್ಟುಬಿಡಿ.

ದಾರಿಯನ್ನು ಸುಮ್ನೆ ದೊಡ್ಡದು ಮಾಡುತ್ತಾ ಹೋಗಬೇಡಿ. ಒಳಗಿನ ಜಾಗ ಹೆಚ್ಚಾದರೆ ಕ್ರ್ಯಾಂಕ್‌ಕೇಸ್‌ನ ಒತ್ತಡ ಬೀಳುತ್ತದೆ, ಮಿಶ್ರಣದ ವೇಗವೂ ಕಡಿಮೆಯಾಗುತ್ತದೆ. ಕಿಂಡಿಯ ಅಂಚುಗಳಂತೂ ಇನ್ನೂ ಸೂಕ್ಷ್ಮ. ಎರಡೂ ಬದಿಯ ಟ್ರಾನ್ಸ್‌ಫರ್‌ಗಳು ಮಿಶ್ರಣವನ್ನು ಎಕ್ಸಾಸ್ಟ್‌ಗೆ ಬೆನ್ನು ಹಾಕಿ ಹಿಂಗೋಡೆಯ ಕಡೆಗೆ ಎಸೆಯುತ್ತವೆ, ಅಲ್ಲಿಂದ ಅದು ಮೇಲೇರಿ ಹೆಡ್ ಸುತ್ತಿ ಬರುತ್ತದೆ. ಆ ಕೋನವನ್ನು 'ನುಣುಪು ಮಾಡುತ್ತೇನೆ' ಅಂತ ದುಂಡಗೆ ಮಾಡಿದರೆ ಹೊಸ ಮಿಶ್ರಣ ನೇರವಾಗಿ ಎಕ್ಸಾಸ್ಟ್‌ಗೆ ಹೋಗುತ್ತದೆ. ಎಡ ಬಲ ಎತ್ತರ ಒಂದೇ ಇರಬೇಕು ಅನ್ನುವುದೂ ಇದಕ್ಕೇ, ಮೊದಲು ತೆರೆದ ಕಡೆಯ ಧಾರೆ ಇನ್ನೊಂದನ್ನು ಪಕ್ಕಕ್ಕೆ ತಳ್ಳುತ್ತದೆ.

ಕನ್ನಡಿ ಹೊಳಪು ಇನ್‌ಟೇಕ್‌ಗೂ ಬೇಡ, ಟ್ರಾನ್ಸ್‌ಫರ್‌ಗೂ ಬೇಡ. 80 ಅಥವಾ 120ರ ಪೇಪರ್ ಸಾಕು. ಎಕ್ಸಾಸ್ಟ್ ದಾರಿಗೆ ಹೊಳಪು ಕೊಟ್ಟರೆ ಮಸಿ ಅಂಟುವುದು ತಡವಾಗುತ್ತದೆ. ಫೋಟೋದಲ್ಲಿ ಚೆನ್ನಾಗಿಯೂ ಕಾಣುತ್ತದೆ, ಬಿಡಿ.

ಚಾಂಫರ್ ಬಿಟ್ಟರೆ ಎಲ್ಲ ವ್ಯರ್ಥ

ಕೆರೆದ ಪ್ರತಿ ಕಿಂಡಿಯ ಅಂಚಿಗೂ ಚಾಂಫರ್, ಅಂದರೆ ಚೂಪು ಹೋಗುವ ಹಾಗೆ ಸಣ್ಣ ಓರೆ, ಕೊಡಲೇಬೇಕು. ಸಾಮಾನ್ಯವಾಗಿ ಅರ್ಧದಿಂದ 1 ಮಿ.ಮೀ., ಎಕ್ಸಾಸ್ಟ್‌ನ ಮೇಲಂಚಿನ ನಡುವೆ ಸ್ವಲ್ಪ ಜಾಸ್ತಿ. ಆಮೇಲೆ ಹಳೆಯ ರಿಂಗ್ ಒಂದನ್ನು ಬೋರ್‌ಗೆ ಹಾಕಿ ಪಿಸ್ಟನ್ ತಲೆಯಿಂದ ಮೆಲ್ಲಗೆ ತಳ್ಳುತ್ತಾ ಹೋಗಿ. ಕಿಂಡಿ ದಾಟುವಾಗ 'ಟಿಕ್' ಅಂತ ಕೈಗೆ ತಾಗಿದರೆ ಅಲ್ಲಿ ಇನ್ನೂ ಅಂಚು ಇದೆ.

ಪೋರ್ಟ್ ಎತ್ತರಿಸಲೇಬೇಕು ಅನ್ನುವವರು ಪೈಪ್ ಬಗ್ಗೆಯೂ ಯೋಚಿಸಿ. 1961ರಲ್ಲಿ ಪೂರ್ವ ಜರ್ಮನಿಯ ಬೈಕ್ ಕಂಪನಿ ಎಂಝಡ್‌ನ ಎಂಜಿನಿಯರ್ ವಾಲ್ಟರ್ ಕಾಡೆನ್ 125 ಸಿಸಿ ರೇಸ್ ಎಂಜಿನ್‌ನಿಂದ 25 ಅಶ್ವಶಕ್ತಿ, ಅಂದರೆ ಲೀಟರಿಗೆ 200, ತೆಗೆದದ್ದು ಪೋರ್ಟ್ ಒಂದರಿಂದಲೇ ಅಲ್ಲ. ರೋಟರಿ ಡಿಸ್ಕ್ (ಇನ್‌ಟೇಕ್ ತೆರೆದು ಮುಚ್ಚುವ ತಿರುಗುವ ತಟ್ಟೆ), ಹೆಚ್ಚುವರಿ ಟ್ರಾನ್ಸ್‌ಫರ್, ಎಕ್ಸ್‌ಪಾನ್ಷನ್ ಚೇಂಬರ್ (ನಡುವೆ ಉಬ್ಬಿದ ಎಕ್ಸಾಸ್ಟ್ ಪೈಪ್) ಮೂರೂ ಒಂದೇ ವೇಗಕ್ಕೆ ಹೊಂದಿದ್ದವು. ಕಂಪನಿಯ ಸೈಲೆನ್ಸರ್ ಹಾಗೇ ಇಟ್ಟು ಎಕ್ಸಾಸ್ಟ್ ಎತ್ತರಿಸಿದರೆ ಬರೀ ಸದ್ದು ಹೆಚ್ಚುತ್ತದೆ. ಪಿಸ್ಟನ್ ಪೋರ್ಟ್ ಇನ್‌ಟೇಕ್ ಇದ್ದರೆ ಪ್ರಯೋಗವನ್ನು ಪಿಸ್ಟನ್ ಮೇಲೆ ಮಾಡಿ: ಇನ್‌ಟೇಕ್ ಬದಿಯ ಸ್ಕರ್ಟ್ (ಪಿಸ್ಟನ್‌ನ ಕೆಳಗಿನ ಗೋಡೆ) ಅರ್ಧ ಮಿ.ಮೀ. ಕತ್ತರಿಸಿದರೆ ಕಿಂಡಿಯ ತಳ ಇಳಿಸಿದ ಫಲವೇ ಸಿಗುತ್ತದೆ, ಹಿಡಿಸದಿದ್ದರೆ ಹೊಸ ಪಿಸ್ಟನ್ ಹಾಕಿ ಮೊದಲಿನ ಸ್ಥಿತಿಗೆ ಬರಬಹುದು.

ಕೊನೆಗೆ ತೊಳೆಯುವುದು. ಬಿಸಿನೀರು, ಸೋಪು, ಬ್ರಷ್. ಟ್ರಾನ್ಸ್‌ಫರ್ ದಾರಿಯ ತಿರುವಿನಲ್ಲಿ ಕೂತ ಎಮರಿ ಪುಡಿ ಕಣ್ಣಿಗೆ ಕಾಣುವುದಿಲ್ಲ, ಬಿಳಿ ಬಟ್ಟೆ ಉಜ್ಜಿದಾಗ ಬೂದು ಬಣ್ಣ ಬರುವುದು ನಿಲ್ಲುವ ತನಕ ಬಿಡಬೇಡಿ. ಕಬ್ಬಿಣದ ಬೋರ್‌ಗೆ ಒಣಗಿದ ತಕ್ಷಣ ಎಣ್ಣೆ ಹಚ್ಚಿ, ಬೇಗ ತುಕ್ಕು ಹಿಡಿಯುತ್ತದೆ. ಜೋಡಿಸಿದ ಮೇಲೆ ಕಾರ್ಬ್ಯುರೇಟರ್‌ನ ಮೇನ್ ಜೆಟ್ (ಪೆಟ್ರೋಲ್ ಬಿಡುವ ತೂತಿನ ತುಣುಕು) ಒಂದೆರಡು ಸೈಜ್ ದೊಡ್ಡದು ಹಾಕಿ ಶುರು ಮಾಡಿ. ಗಾಳಿ ಹೆಚ್ಚು ಹೋಗುವ ಎಂಜಿನ್‌ಗೆ ಹಳೇ ಜೆಟ್ ಇಟ್ಟರೆ ಪೆಟ್ರೋಲ್ ಕಡಿಮೆಯಾಗುತ್ತದೆ, ಅದರಲ್ಲಿ ಬೆರೆಸಿದ ಎಣ್ಣೆಯೂ, ಪಿಸ್ಟನ್ ಜಾಮ್ ಆಗುವುದು ಹಾಗೇ. ರನ್ನಿಂಗ್ ಇನ್ ಮುಗಿದ ಮೇಲೆ ಪ್ಲಗ್ ಬಿಚ್ಚಿ ಬಣ್ಣ ನೋಡುತ್ತಾ ಒಂದೊಂದೇ ಸೈಜ್ ಇಳಿಸಿ, ಪಿಂಗಾಣಿ ಬೆಳ್ಳಗೆ ಕಂಡರೆ ಅಲ್ಲಿಂದ ಮೇಲಕ್ಕೆ ಹೋಗಿ.