ದೂರದರ್ಶಕದಲ್ಲಿ ನೀಹಾರಿಕೆಯ ಬಣ್ಣ ಕಾಣುವುದೇ?

ಪ್ರಶ್ನೆ: ಎಳ್ಳಮಾವಾಸ್ಯೆಯಂದು ಚರಗ ಚೆಲ್ಲಿ ಊಟ ಮುಗಿದ ಮೇಲೆ, ಹೊಲದಲ್ಲೇ ದೂರದರ್ಶಕವಿಟ್ಟು ಜನರಿಗೆ ಆಕಾಶ ತೋರಿಸಿ, ಚಿತ್ರಕಲಾವಿದರಿಂದ ಅದನ್ನು ಬಿಡಿಸಬೇಕೆಂದಿದ್ದೇವೆ. ಫೋಟೋಗಳಲ್ಲಿರುವಂತೆ ನೀಹಾರಿಕೆಗಳ (ಬಾಹ್ಯಾಕಾಶದ ಅನಿಲ, ಧೂಳಿನ ಮೋಡಗಳ) ಕೆಂಪು ಬಣ್ಣ ಕಾಣಲು ಎಷ್ಟು ದೊಡ್ಡ ದೂರದರ್ಶಕ ಬೇಕು? (ಆಳಂದ ತಾಲ್ಲೂಕಿನ ಓದುಗರು)

ಉತ್ತರ: ಹೊಲಕ್ಕೆ ಹೊತ್ತು ತರಬಹುದಾದ ಯಾವ ದೂರದರ್ಶಕದಲ್ಲೂ ಫೋಟೋದ ಆ ಕೆಂಪು ಕಾಣುವುದಿಲ್ಲ. ತೊಗರಿ ರಾಶಿಯ ಕಾಲ ಬಂತೆಂದರೆ ಕಲಬುರಗಿ, ಬೀದರ್ ಕಡೆಯಿಂದ ಇದೇ ಪ್ರಶ್ನೆ ಬರುತ್ತದೆ. ಎಷ್ಟು ಸಲ ಉತ್ತರಿಸಿದರೂ ‘ಇನ್ನೂ ದೊಡ್ಡದು ತಂದರೆ?’ ಎಂಬ ಮರುಪ್ರಶ್ನೆ ತಪ್ಪುವುದಿಲ್ಲವಾದ್ದರಿಂದ, ಈ ಸಲ ಕಾರಣವನ್ನು ಬುಡದಿಂದಲೇ ಹೇಳುತ್ತೇನೆ.

ನಮ್ಮ ಕಣ್ಣಿನ ಒಳಪದರವಾದ ಅಕ್ಷಿಪಟಲದಲ್ಲಿ ಬಣ್ಣ ಗುರುತಿಸುವ ಶಂಕುಕೋಶಗಳು ಸುಮಾರು 60 ಲಕ್ಷ ಇವೆ. ಸಾಕಷ್ಟು ಬೆಳಕಿಲ್ಲದಿದ್ದರೆ ಅವು ಕೆಲಸ ಮಾಡುವುದಿಲ್ಲ. ಕತ್ತಲಲ್ಲಿ ದುಡಿಯುವ ದಂಡಕೋಶಗಳು ಸುಮಾರು 12 ಕೋಟಿ ಇದ್ದರೂ ಅವಕ್ಕೆ ಬಣ್ಣಗಳ ಭೇದ ತಿಳಿಯದು. ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜದ ಕತ್ತಿಯಲ್ಲಿರುವ, ಸುಮಾರು 1,300 ಜ್ಯೋತಿರ್ವರ್ಷ ದೂರದ ನೀಹಾರಿಕೆಯ ಕೆಂಪು, ಹೈಡ್ರೋಜನ್ ಅನಿಲ ಹೊರಸೂಸುವ 656 ನ್ಯಾನೊಮೀಟರ್ ಅಲೆಯುದ್ದದ ಬೆಳಕು. ದಂಡಕೋಶಗಳು ಚುರುಕಾಗಿರುವುದು 500ರ ಆಸುಪಾಸಿನಲ್ಲಿ. ಈ ಕೆಂಪಿಗೆ ಅವು ಹೆಚ್ಚುಕಡಿಮೆ ಕುರುಡು. ಆದ್ದರಿಂದ ಬೂದುಬಣ್ಣದ ಮಂಜು, ಕೆಲವರಿಗೆ ತುಸು ಹಸಿರು ಛಾಯೆ, ಇಷ್ಟು ಕಾಣುತ್ತದೆ.

ದೊಡ್ಡ ದೂರದರ್ಶಕ ಹೆಚ್ಚು ಬೆಳಕು ಹಿಡಿಯುತ್ತದೆ ಎಂಬುದು ನಿಜ. ಆದರೆ ಆಕಾಶದಲ್ಲಿ ಹರಡಿಕೊಂಡ ವಸ್ತುವನ್ನು ಅದು ಹಿಗ್ಗಿಸಿಯೂ ತೋರಿಸುವುದರಿಂದ, ಹಿಡಿದ ಬೆಳಕೆಲ್ಲ ಅಗಲವಾದ ಬಿಂಬದ ಮೇಲೆ ಹಂಚಿಹೋಗುತ್ತದೆ. ಬಿಂಬದ ಯಾವ ಭಾಗದ ಪ್ರಕಾಶವೂ ಬರಿಗಣ್ಣಿಗೆ ಕಾಣುವುದಕ್ಕಿಂತ ಹೆಚ್ಚಾಗಲಾರದು. ದೊಡ್ಡ ದೂರದರ್ಶಕದಿಂದ ಸಿಗುವ ಲಾಭ ಗಾತ್ರ ಮತ್ತು ವಿವರ. ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕನ್ನು ಕೂಡಿಡಬಲ್ಲದು, ಕಣ್ಣಿಗೆ ಆ ಶಕ್ತಿಯಿಲ್ಲ. ಇಷ್ಟು ತಿಳಿದ ಮೇಲೆ ‘ಹಾಗಾದರೆ ಫೋಟೋ ಸುಳ್ಳು’ ಎನ್ನುವವರೂ ಇದ್ದಾರೆ, ಅದೂ ತಪ್ಪು. ಹೈಡ್ರೋಜನ್ನಿನ ಕೆಂಪು ಅಲ್ಲಿ ನಿಜವಾಗಿಯೂ ಇದೆ.

ಬಣ್ಣ ಬೇಕೆಂದರೆ ನಕ್ಷತ್ರಗಳನ್ನು ತೋರಿಸಿ. ಅವು ಬಿಂದುಗಳಾದ್ದರಿಂದ ಬೆಳಕು ಹಂಚಿಹೋಗದೆ ಶಂಕುಕೋಶಗಳನ್ನು ಎಚ್ಚರಿಸುತ್ತದೆ. ಅದೇ ಮಹಾವ್ಯಾಧನಲ್ಲಿ ಸುಮಾರು 3,500 ಕೆಲ್ವಿನ್ ಉಷ್ಣತೆಯ ಆರ್ದ್ರಾ ಕಿತ್ತಳೆಯಾಗಿಯೂ, 12,000 ಕೆಲ್ವಿನ್ ಆಸುಪಾಸಿನ ರೈಜೆಲ್ ನೀಲಿಮಿಶ್ರಿತ ಬಿಳುಪಾಗಿಯೂ ಬರಿಗಣ್ಣಿಗೇ ಕಾಣುತ್ತವೆ.

ಕಲಾವಿದರಿಗೆ ಕಪ್ಪು ಕಾಗದ, ಬಿಳಿ ಸೀಮೆಸುಣ್ಣ ಕೊಡಿ. ಬೀದರಿನ ಬಿದರಿ ಕುಶಲಕರ್ಮಿಗಳನ್ನು ಕರೆಯುವುದು ಇನ್ನೂ ಒಳ್ಳೆಯದು. ಸತು ಮತ್ತು ತಾಮ್ರದ ಮಿಶ್ರಲೋಹದಲ್ಲಿ ಕೊರೆದ ಗೆರೆಗಳಿಗೆ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಉಜ್ಜಿದಾಗ ಲೋಹ ಕಪ್ಪಾಗಿ ಬೆಳ್ಳಿ ಮಾತ್ರ ಹೊಳೆಯುತ್ತದೆ. ಕಪ್ಪಿನ ಮೇಲೆ ಬೆಳಕನ್ನು ಎಷ್ಟು, ಎಲ್ಲಿ ಇಡಬೇಕೆಂಬುದು ಅವರಿಗೆ ಕೈಗತ. ಬೆಳಕಿಗೆ ಮಂದವಾದ ಕೆಂಪು ದೀಪವನ್ನೇ ಬಳಸಿ. ನೀಹಾರಿಕೆಯ ಕೆಂಪನ್ನು ಕಾಣಗೊಡದ ಅದೇ ಕುರುಡು ಇಲ್ಲಿ ನೆರವಿಗೆ ಬರುತ್ತದೆ: 20ರಿಂದ 30 ನಿಮಿಷಗಳಲ್ಲಿ ಕತ್ತಲಿಗೆ ಹೊಂದಿಕೊಂಡ ದಂಡಕೋಶಗಳನ್ನು ಕೆಂಪು ದೀಪ ಕೆಡಿಸುವುದಿಲ್ಲ. ಆ ದೀಪದಡಿ ಬಿಳಿ ಕಾಗದದ ಮೇಲೆ ಕೆಂಪು ಪೆನ್ಸಿಲಿನಲ್ಲಿ ಎಳೆದ ಗೆರೆ ಕಣ್ಮರೆಯಾಗುತ್ತದೆ ಎಂಬುದನ್ನು ಮೊದಲೇ ಹೇಳಿಡಿ.

ಫೋನಿನ ಕಾಲದಲ್ಲಿ ಕೈಯಿಂದ ಬಿಡಿಸುವುದೇಕೆ ಎಂದು ನೀವು ಕೇಳಿಲ್ಲ, ಆದರೂ ಹೇಳಬೇಕು. 1845ರಲ್ಲಿ ಐರ್ಲೆಂಡಿನ ಲಾರ್ಡ್ ರಾಸ್ 72 ಅಂಗುಲದ ದೂರದರ್ಶಕದಲ್ಲಿ ಕಂಡ ಎಂ51 ಎಂಬ ಗೆಲಕ್ಸಿಯ ಸುರುಳಿಯನ್ನು ಕೈಯಿಂದಲೇ ಬಿಡಿಸಿದರು. ನೀಹಾರಿಕೆಯೊಂದರ ಮೊದಲ ಫೋಟೋವನ್ನು ಹೆನ್ರಿ ಡ್ರೇಪರ್ ತೆಗೆದದ್ದು 1880ರಲ್ಲಿ. ಬಿಡಿಸುವವರು ಮತ್ತೆ ಮತ್ತೆ ನೋಡಲೇಬೇಕಾಗುತ್ತದೆ. ದೃಷ್ಟಿಯ ನಟ್ಟನಡುವೆ ದಂಡಕೋಶಗಳಿಲ್ಲದ ಕಾರಣ, ನೋಟವನ್ನು ತುಸು ಪಕ್ಕಕ್ಕಿಟ್ಟಾಗಲೇ ಮಂಜಿನ ಅಂಚುಗಳು ತೆರೆದುಕೊಳ್ಳುತ್ತವೆ. ಇದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ಎರಡು ದೂರದರ್ಶಕಗಳನ್ನು ಹೊಂದಿಸಿ, ಸರದಿಯಲ್ಲಿ ನಿಂತ ಜನರಿಗೆ ಒಂದನ್ನು, ಬಿಡಿಸುವವರಿಗೆಂದೇ ಇನ್ನೊಂದನ್ನು ಮೀಸಲಿಡಿ.