ಮುಸುವದ ಹೊಟ್ಟೆಯಲ್ಲಿ ಹಸುವಿನ ಗುರುತು

ಒಂದೇ ಕಿಣ್ವದ ಅಮೈನೋ ಆಮ್ಲ ಸರಣಿಯನ್ನು (ಆ ಪ್ರೋಟೀನ್ ಕಟ್ಟಿರುವ ಘಟಕಗಳ ಸಾಲನ್ನು) ನಾಲ್ಕಾರು ಸಸ್ತನಿಗಳಿಂದ ತೆಗೆದು ಸಾಲಾಗಿ ಜೋಡಿಸಿದರೆ, ವಿದ್ಯಾರ್ಥಿಗಳು ಮೊದಲು ಕೇಳುವುದು ಶೇಕಡಾ ಎಷ್ಟು ಹೋಲುತ್ತದೆ ಎಂದು. ಎಷ್ಟು ಅನ್ನುವುದಕ್ಕಿಂತ ಎಲ್ಲಿ ಬದಲಾಗಿದೆ ನೋಡಿ ಅನ್ನುತ್ತೇನೆ ನಾನು. ಲೈಸೊಜೈಮ್‌ ಇದಕ್ಕೆ ಅತ್ಯುತ್ತಮ ಉದಾಹರಣೆ.

ಬ್ಯಾಕ್ಟೀರಿಯಾದ ಕೋಶಭಿತ್ತಿ ಒಡೆಯುವ ಈ ಕಿಣ್ವ ನಮ್ಮ ಕಣ್ಣೀರು, ಜೊಲ್ಲು, ಎದೆಹಾಲಿನಲ್ಲಿದೆ. ಸೋಂಕು ತಡೆಯುವುದು ಅದರ ಕೆಲಸ. ಮನುಷ್ಯನದರಲ್ಲಿ 130 ಅಮೈನೋ ಆಮ್ಲಗಳು. ಡೇಟಾಬೇಸ್‌ನಲ್ಲಿ 148 ಕಾಣುತ್ತದೆ: ಮೊದಲ 18 ಕಿಣ್ವವನ್ನು ಕೋಶದಿಂದ ಹೊರಗೆ ಸಾಗಿಸಲು ಮಾತ್ರ, ಆಮೇಲೆ ಕತ್ತರಿಸಿ ಹೋಗುತ್ತದೆ. ಅದನ್ನು ಕಳೆಯದೆ ಎಣಿಸಿದರೆ ಮುಂದಿನ ಸ್ಥಾನಗಳೆಲ್ಲ ತಪ್ಪುತ್ತವೆ.

ಹಸುವಿನಲ್ಲಿ ಇದೇ ಕಿಣ್ವ ಜೀರ್ಣಕ್ಕೂ ದುಡಿಯುತ್ತದೆ. ಮೇವನ್ನು ಹುದುಗಿಸಿದ ಬ್ಯಾಕ್ಟೀರಿಯಾಗಳು ಕೊನೆಗೆ ಹೊಟ್ಟೆಯ ಆಮ್ಲ ತುಂಬಿದ ಕೋಣೆಗೆ ಇಳಿದಾಗ, ಲೈಸೊಜೈಮ್‌ ಅವನ್ನು ಒಡೆದು ಒಳಗಿನ ಪೋಷಕಾಂಶ ಹಸುವಿಗೆ ದಕ್ಕುವಂತೆ ಮಾಡುತ್ತದೆ. ನಮ್ಮೂರಿನ ಗುಡಿ, ತೋಟಗಳಲ್ಲಿ ಎಲೆ ತಿನ್ನುತ್ತ ಕೂರುವ ಕರಿಮೂತಿಯ ಮುಸುವದ ಹೊಟ್ಟೆಯಲ್ಲೂ ಹುದುಗುವಿಕೆ ನಡೆಯುತ್ತದೆ, ಲೈಸೊಜೈಮ್‌ಗೆ ಅಲ್ಲೂ ಇದೇ ಕೆಲಸ.

ಈಗ ಸರಣಿ ನೋಡಿ. 14 ಮತ್ತು 21ನೇ ಸ್ಥಾನಗಳಲ್ಲಿ ಮನುಷ್ಯನಿಗೆ ಆರ್ಜಿನೈನ್ ಎಂಬ ಅಮೈನೋ ಆಮ್ಲ. ಹಸು, ಮುಸುವ ಎರಡಕ್ಕೂ ಲೈಸಿನ್ ಎಂಬ ಇನ್ನೊಂದು. ಒಟ್ಟು ಆರ್ಜಿನೈನ್ ನಮ್ಮಲ್ಲಿ 14, ಮುಸುವದಲ್ಲಿ 6, ಹಸುವಿನಲ್ಲಿ 3. ಹುದುಗುವಾಗ ಹುಟ್ಟುವ ಡೈಅಸಿಟೈಲ್ ಎಂಬ ರಾಸಾಯನಿಕ ಆರ್ಜಿನೈನ್‌ಗೆ ಅಂಟಿ ಕಿಣ್ವವನ್ನು ಕೆಡಿಸಬಲ್ಲದು, ಹಾಗಾಗಿ ಆರ್ಜಿನೈನ್ ಕಡಿಮೆಯಿದ್ದಷ್ಟೂ ಒಳ್ಳೆಯದು ಎಂಬುದು ಒಂದು ವಿವರಣೆ. ಕೋಶಭಿತ್ತಿ ಕತ್ತರಿಸುವ ಕೆಲಸಕ್ಕೆ ಬೇಕೇಬೇಕಾದ 35ನೇ ಗ್ಲುಟಮಿಕ್ ಆಮ್ಲ ಮಾತ್ರ ಮೂವರಲ್ಲೂ ಕದಲಿಲ್ಲ.

ಮುಸುವ ಹಸುವಿನ ನಂಟ ಅಲ್ಲ. ಅದರ ಸರಣಿ ಮನುಷ್ಯನದಕ್ಕಿಂತ 18 ಕಡೆ ಮಾತ್ರ ಬೇರೆ; ಮುಸುವದ ಹತ್ತಿರದ ನಂಟನಾದ, ಕೋತಿ ಜಾತಿಯ ಬಬೂನ್‌ನಲ್ಲಿ ಹಸುವಿನ ಆ ಗುರುತುಗಳಿಲ್ಲ. ಅಂದರೆ ಎರಡು ವಂಶಗಳು ಒಂದೇ ಬಗೆಯ ಹೊಟ್ಟೆಗಾಗಿ ಪ್ರತ್ಯೇಕವಾಗಿ ಒಂದೇ ಬದಲಾವಣೆಗೆ ಬಂದಿವೆ. ವಿಜ್ಞಾನಿಗಳಾದ ಕ್ಯಾರೊ-ಬೆತ್ ಸ್ಟೀವರ್ಟ್, ಅಲನ್ ವಿಲ್ಸನ್ ಮತ್ತು ಜೊತೆಗಾರರು 1987ರಲ್ಲಿ ಇದನ್ನು ತೋರಿಸಿದರು.

ಹೋಲಿಸಲು ಹೊರಟವರಿಗೆ ಒಂದು ಎಚ್ಚರಿಕೆ. ಹಸುವಿನಲ್ಲಿ ಲೈಸೊಜೈಮ್‌ ಜೀನ್‌ಗಳು ಸುಮಾರು ಹತ್ತಿವೆ, ಎಲ್ಲವೂ ಹೊಟ್ಟೆಯವಲ್ಲ. ಶ್ವಾಸನಾಳದ್ದನ್ನು ಎತ್ತಿಕೊಂಡು ಮುಸುವದ ಹೊಟ್ಟೆಯದಕ್ಕೆ ಜೋಡಿಸಿದರೂ ಸರಣಿ ಹೋಲಿಸುವ ತಂತ್ರಾಂಶ ತಕರಾರಿಲ್ಲದೆ ಅಂಕಿ ಕೊಡುತ್ತದೆ. ಯಾವ ಅಂಗಾಂಶದ್ದು ಎಂಬುದನ್ನು ಸರಣಿ ಇಳಿಸಿಕೊಳ್ಳುವಾಗಲೇ ಬರೆದಿಟ್ಟುಕೊಳ್ಳಿ.